ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಲಸಿಕೆ ಯಾರನ್ನು ಎಷ್ಟು ಕಾಯುತ್ತದೆ? ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ಡೊಂಬಿವಲಿಯಿಂದ ದಹಿಸರ್‌ವರೆಗೆ ನಮ್ಮವರ ಮನೆಗಳಲ್ಲಿ ಇದೇ ಮಾತು. ಮಗನಿಗೆ ಜ್ವರ, ಆಮೇಲೆ ಅಮ್ಮನಿಗೆ, ಆಮೇಲೆ ಅಜ್ಜಿಗೆ. ಫ್ಲೂ, ಕೊರೊನಾ, ದಡಾರ, ಎಳೆಗೂಸುಗಳನ್ನು ಕಾಡುವ ಆರ್‌ಎಸ್‌ವಿ ವೈರಸ್, ಈ ನಾಲ್ಕು ಮನೆಯೊಳಗೆ ಹೇಗೆ ಹರಡುತ್ತವೆ, ಲಸಿಕೆ ಅದನ್ನು ಎಷ್ಟು ತಡೆಯುತ್ತದೆ ಅನ್ನೋದರ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯವರ ಬಿಪಿ, ಶುಗರ್, ಅಲರ್ಜಿ ಎಲ್ಲ ಗೊತ್ತಿರುವ ಡಾಕ್ಟರ್ ಬೇರೆ ಏನಾದರೂ ಹೇಳಿದರೆ ಅವರ ಮಾತನ್ನೇ ಕೇಳಿ.

ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬಂದೇ ಬರುತ್ತೆ ಅಲ್ವಾ?

ಇಲ್ಲ. ಹಾಗೆ ಅನ್ನಿಸುತ್ತದೆ ಅಷ್ಟೇ. ಇಡೀ ಮನೆ ಮಲಗಿದ ವಾರ ನೆನಪಲ್ಲಿ ಉಳಿಯುತ್ತದೆ, ಒಬ್ಬರಿಗೇ ಬಂದು ಹೋದ ವಾರ ಮರೆತು ಹೋಗುತ್ತದೆ.

2020ರಲ್ಲಿ ಬಂದ ಮೊದಲ ಕೊರೊನಾ ತಳಿಯನ್ನೇ ನೋಡಿ. ಆಗ ಯಾರಿಗೂ ಲಸಿಕೆ ಇರಲಿಲ್ಲ. ಆದರೂ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ, ಮನೆಯ ಉಳಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಜನರಿಗೆ ಅದು ಹರಡಿತ್ತು. ಓಮಿಕ್ರಾನ್ ತಳಿ ಬರುವಷ್ಟರಲ್ಲಿ ಇದು ನೂರಕ್ಕೆ 40ರ ಆಸುಪಾಸಿಗೆ ಏರಿತು. ಫ್ಲೂ ವರ್ಷದಿಂದ ವರ್ಷಕ್ಕೆ, ಮನೆಯಿಂದ ಮನೆಗೆ ಬದಲಾಗುತ್ತದೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜಾಸ್ತಿ.

ದಡಾರದ ಕಥೆಯೇ ಬೇರೆ. ಲಸಿಕೆಯೂ ಆಗಿಲ್ಲ, ಹಿಂದೆ ಬಂದೂ ಇಲ್ಲ ಅನ್ನುವವರು ಮನೆಯಲ್ಲಿದ್ದರೆ ಹತ್ತರಲ್ಲಿ ಒಂಬತ್ತು ಜನರಿಗೆ ಹತ್ತಿಕೊಳ್ಳುತ್ತದೆ. ದಡಾರ ಬಂದವರು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ವೈರಸ್ ಆ ಗಾಳಿಯಲ್ಲಿ ಉಳಿಯಬಲ್ಲದು.

ಹಾಗಾದರೆ ಲಸಿಕೆ ಮನೆಯೊಳಗೆ ಮಾಡೋ ಕೆಲಸ ಏನು?

ಮೂರು ಕಡೆ ಕೆಲಸ ಮಾಡುತ್ತದೆ. ಜನ ಸಾಮಾನ್ಯವಾಗಿ ಒಂದನ್ನು ಮಾತ್ರ ನೋಡುತ್ತಾರೆ, ಜಗಳ ಶುರುವಾಗೋದೇ ಅಲ್ಲಿ.

ಮೊದಲನೆಯದು ಹೊಸಿಲಿನಲ್ಲಿ. ಲೋಕಲ್ ಟ್ರೈನಿನಲ್ಲೋ ಶಾಲೆಯಲ್ಲೋ ವೈರಸ್ ಹತ್ತಿಸಿಕೊಂಡು ಮನೆಗೆ ತರುವವರಿಗೆ ಲಸಿಕೆ ಆಗಿದ್ದರೆ, ಅದು ಒಳಗೆ ಬರುವ ಸಾಧ್ಯತೆಯೇ ಕಡಿಮೆ. ಎರಡನೆಯದು, ಬಂದೇ ಬಿಟ್ಟಿತು ಅನ್ನಿ, ಲಸಿಕೆ ಆದವರ ಮೈಯಲ್ಲಿ ವೈರಸ್ ಬೇಗ ಇಳಿದರೆ ಅವರು ಬೇರೆಯವರಿಗೆ ಕೊಡುವ ದಿನಗಳು ಕಡಿಮೆಯಾಗುತ್ತವೆ. ಮೂರನೆಯದು, ಪಕ್ಕದಲ್ಲಿ ಮಲಗಿದವರಿಗೂ ಲಸಿಕೆ ಆಗಿದ್ದರೆ ಅವರು ಅದನ್ನು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ.

ಇವು ಒಂದರ ಮೇಲೊಂದು ಗುಣಾಕಾರ ಆಗುತ್ತವೆ. ಸುಮ್ನೆ ಒಂದು ಲೆಕ್ಕ ಹಾಕೋಣ, ಯಾವ ಅಧ್ಯಯನದ್ದೂ ಅಲ್ಲ, ಅರ್ಥ ಆಗಲಿ ಅಂತ. ಜ್ವರ ಬಂದವರ ಜೊತೆ ಒಂದೇ ಮನೆಯಲ್ಲಿರುವ ನೂರು ಜನರಲ್ಲಿ 30 ಜನಕ್ಕೆ ಬರುತ್ತಿತ್ತು ಅಂದುಕೊಳ್ಳಿ. ಕೊಡುವವರ ಕಡೆಯಿಂದ ಮೂರರಲ್ಲಿ ಒಂದು ಪಾಲು ಕಡಿಮೆಯಾದರೆ 20. ಹಿಡಿಯುವವರ ಕಡೆಯಿಂದ ಇನ್ನೊಂದು ಮೂರನೇ ಒಂದು ಪಾಲು ಹೋದರೆ ಸುಮಾರು 13. ಒಂದೊಂದಾಗಿ ನೋಡಿದರೆ ಸಾಧಾರಣ ಲಸಿಕೆ, ಇಬ್ಬರೂ ಹಾಕಿಸಿಕೊಂಡ ಮನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಡಿತ. ಹೊಸಿಲಿನಲ್ಲೇ ನಿಂತದ್ದು ಇದರಲ್ಲಿ ಸೇರಿಲ್ಲ, ಅದು ಬೇರೆ.

ನಾವೆಲ್ಲ ಎರಡು ಡೋಸ್ ತಗೊಂಡಿದ್ದೆವು, ಆದರೂ ಮನೆಮಂದಿಗೆಲ್ಲ ಕೊರೊನಾ ಬಂತು. ಮತ್ತೆ ಲಸಿಕೆ ಯಾಕೆ?

ಈ ಪ್ರಶ್ನೆ ಕೇಳದ ಮನೆಯೇ ಇಲ್ಲ. ಕೇಳುವುದರಲ್ಲಿ ತಪ್ಪೂ ಇಲ್ಲ.

ಇದಕ್ಕೆ ಎರಡು ಮೂರು ಕಾರಣಗಳಿವೆ. ತೋಳಿಗೆ ಚುಚ್ಚುವ ಲಸಿಕೆಯಿಂದ ಆಂಟಿಬಾಡಿ, ಅಂದರೆ ವೈರಸ್ಸನ್ನು ಹಿಡಿದು ನಿಲ್ಲಿಸುವ ಕಣಗಳು, ರಕ್ತದಲ್ಲಿ ಚೆನ್ನಾಗಿ ತಯಾರಾಗುತ್ತವೆ, ಮೂಗು ಗಂಟಲಿನ ಒಳಪೊರೆಯಲ್ಲಿ ಅಷ್ಟಾಗಿ ಅಲ್ಲ. ವೈರಸ್ ಇಳಿಯುವುದೇ ಮೂಗಿನಲ್ಲಿ. ಹಾಗಾಗಿ ಶ್ವಾಸಕೋಶಕ್ಕೆ ಹೋಗಿ ಆಸ್ಪತ್ರೆ ಸೇರುವುದನ್ನು ಲಸಿಕೆ ಗಟ್ಟಿಯಾಗಿ ತಡೆಯುತ್ತದೆ, ಮೂಗಿನಲ್ಲಿ ಬೆಳೆದು ಪಕ್ಕದವರಿಗೆ ಹಾರುವುದನ್ನು ಅಷ್ಟು ಗಟ್ಟಿಯಾಗಿ ತಡೆಯಲ್ಲ. ಎರಡನೆಯದಾಗಿ, ಹರಡದಂತೆ ತಡೆಯುವ ಶಕ್ತಿ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ಗಂಭೀರ ಕಾಯಿಲೆಯಿಂದ ಸಿಗುವ ರಕ್ಷಣೆ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ನಮ್ಮಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ, ಓಮಿಕ್ರಾನ್ ಮುಂಬಯಿಯನ್ನು ಆವರಿಸಿದ್ದು 2021ರ ಕೊನೆ, 2022ರ ಜನವರಿ ಹೊತ್ತಿಗೆ. ಆಗ ತುಂಬಾ ಜನರ ಎರಡನೇ ಡೋಸ್ ಹಳೆಯದಾಗಿತ್ತು, ವೈರಸ್ ವೇಷ ಬದಲಿಸಿತ್ತು.

ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ. ರೈಲಿನಲ್ಲಿ ಕೆಮ್ಮುವವರ ಪಕ್ಕ ನೀವು ನಿಲ್ಲುವುದು ಜಾಸ್ತಿ ಅಂದರೆ ಒಂದು ಗಂಟೆ. ಮನೆಯಲ್ಲಿ ಅದೇ ಗಾಳಿ ರಾತ್ರಿಯಿಡೀ, ಅದೂ ನಾಲ್ಕೈದು ರಾತ್ರಿ. ಯಾವ ಲಸಿಕೆಗೂ ಮನೆಯೇ ಅತಿ ಕಷ್ಟದ ಪರೀಕ್ಷೆ. ಅಲ್ಲಿ ಸೋತದ್ದನ್ನು ನೋಡಿ ಎಲ್ಲ ಕಡೆ ಸೋತಿದೆ ಅನ್ನುವುದು ಸರಿಯಲ್ಲ.

ಇದನ್ನೆಲ್ಲ ನಿಜವಾಗಿ ಲೆಕ್ಕ ಮಾಡಿದವರು ಇದ್ದಾರಾ, ಅಥವಾ ಅಂದಾಜಾ?

ಇದ್ದಾರೆ. ಇಂಗ್ಲೆಂಡಿನಲ್ಲಿ 2021ರ ಮೊದಲ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಮನೆಗಳ ದಾಖಲೆ ಇಟ್ಟುಕೊಂಡು ನೋಡಿದರು. ಸೋಂಕು ಬರುವುದಕ್ಕಿಂತ ಕನಿಷ್ಠ 21 ದಿನ ಮೊದಲು ಒಂದು ಡೋಸ್ ಹಾಕಿಸಿಕೊಂಡಿದ್ದವರ ಮನೆಯಲ್ಲಿ ಉಳಿದವರಿಗೆ ಹರಡಿದ್ದು, ಲಸಿಕೆ ಆಗದವರ ಮನೆಗಳಿಗಿಂತ 40ರಿಂದ 50 ಶೇಕಡಾ ಕಡಿಮೆ. ಅಲ್ಲಿ ಕೊಟ್ಟ ಎರಡು ಲಸಿಕೆಗಳಲ್ಲಿ ಒಂದು ಆಸ್ಟ್ರಾಜೆನೆಕಾದ್ದು, ಅದನ್ನೇ ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಕೋವಿಶೀಲ್ಡ್ ಹೆಸರಲ್ಲಿ ತಯಾರಿಸಿತು.

ಆಮೇಲೆ ಡೆಲ್ಟಾ ತಳಿ ಬಂತು, ಚಿತ್ರ ಬದಲಾಯಿತು. ಇಂಗ್ಲೆಂಡಿನಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಸೋಂಕಿತರ ಮನೆಯಲ್ಲಿದ್ದ ಲಸಿಕೆ ಆದವರಲ್ಲಿ 25 ಶೇಕಡಾ ಜನರಿಗೆ, ಆಗದವರಲ್ಲಿ 38 ಶೇಕಡಾ ಜನರಿಗೆ ಸೋಂಕು ತಗಲಿತು. ಅಂದರೆ ಹಿಡಿಯುವ ಕಡೆ ಲಾಭ ಇತ್ತು. ಕೊಡುವ ಕಡೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ: ಲಸಿಕೆ ಆದವರಲ್ಲೂ ವೈರಸ್ಸಿನ ಪ್ರಮಾಣ ಒಮ್ಮೆ ಅಷ್ಟೇ ಮೇಲೆ ಏರುತ್ತಿತ್ತು, ಬೇಗ ಇಳಿಯುತ್ತಿತ್ತು ಅಷ್ಟೇ.

ಇಂಥ ಅಧ್ಯಯನಗಳಲ್ಲಿ ಒಂದು ಕೊರತೆ ಇದೆ, ಪೇಪರಿನವರು ಅದನ್ನು ಬರೆಯುವುದಿಲ್ಲ. ಇವು ಲೆಕ್ಕಕ್ಕೆ ತೆಗೆದುಕೊಳ್ಳುವುದು ವೈರಸ್ ಆಗಲೇ ಒಳಗೆ ಬಂದ ಮನೆಗಳನ್ನು ಮಾತ್ರ. ಲಸಿಕೆಯಿಂದಾಗಿ ಹೊಸಿಲು ದಾಟದೇ ಹೋದ ಮನೆಗಳು ಆ ಪಟ್ಟಿಗೇ ಬರುವುದಿಲ್ಲ. ಏನೂ ಆಗದ ಮನೆಯನ್ನು ಯಾರು ಎಣಿಸುತ್ತಾರೆ?

ಫ್ಲೂ ಲಸಿಕೆಗೂ ಇದೇ ಲೆಕ್ಕವಾ?

ಸ್ವಲ್ಪ ಬೇರೆ. ಆ ವರ್ಷದ ತಳಿಗೆ ಲಸಿಕೆ ಚೆನ್ನಾಗಿ ಹೊಂದಿಕೊಂಡರೆ ಫ್ಲೂ ಬಂದು ಡಾಕ್ಟರ್ ಹತ್ತಿರ ಹೋಗುವ ಸಾಧ್ಯತೆ 40ರಿಂದ 60 ಶೇಕಡಾ ಇಳಿಯುತ್ತದೆ. ಹೊಂದದ ವರ್ಷ ಇನ್ನೂ ಕಡಿಮೆ. ಹಾಕಿಸಿಕೊಂಡೂ ಫ್ಲೂ ಬಂದವರು ಮನೆಯವರಿಗೆ ಕಡಿಮೆ ಹರಡುತ್ತಾರಾ ಎಂಬುದು ಕೊರೊನಾದಷ್ಟು ಸ್ಪಷ್ಟವಾಗಿ ಸಾಬೀತಾಗಿಲ್ಲ. ಹಾಗಾಗಿ ಫ್ಲೂ ವಿಷಯದಲ್ಲಿ ನಂಬಬೇಕಾದದ್ದು ಹೊಸಿಲಿನ ಕೆಲಸವನ್ನು.

ಮನೆಯಲ್ಲಿ ಐದು ಜನ, ಎಲ್ಲರಿಗೂ ಹಾಕಿಸುವಷ್ಟು ದುಡ್ಡಿಲ್ಲ. ಯಾರಿಗೆ ಮೊದಲು?

ಇದು ಒಳ್ಳೆಯ ಪ್ರಶ್ನೆ. ಫ್ಲೂ ಲಸಿಕೆ ಸರ್ಕಾರದ ಉಚಿತ ಮಕ್ಕಳ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ, ಖಾಸಗಿಯಲ್ಲಿ ಒಬ್ಬರಿಗೆ ಸಾವಿರದ ಮೇಲೆ ಆಗುತ್ತದೆ, ವರ್ಷಾ ವರ್ಷಾ ಬೇರೆ.

ಎಲ್ಲರೂ ಅಜ್ಜಿಗೆ ಅನ್ನುತ್ತಾರೆ. ಅದು ಸರಿಯೇ, ಕಾಯಿಲೆ ಬಂದರೆ ಜಾಸ್ತಿ ಕಷ್ಟ ಪಡುವವರು ಅವರು. ಗರ್ಭಿಣಿ, ಆಸ್ತಮಾ, ಶುಗರ್, ಹೃದಯದ ತೊಂದರೆ ಇರುವವರು ಕೂಡ ಅದೇ ಸಾಲಿನಲ್ಲಿ. ಆದರೆ ವಯಸ್ಸಾದವರ ಮೈ ಲಸಿಕೆಗೆ ಅಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಅಜ್ಜಿಯನ್ನು ಪೂರ್ತಿ ಕಾಯಬೇಕು ಅಂದರೆ ಅಜ್ಜಿಗೆ ತಂದು ಕೊಡುವವರನ್ನು ನೋಡಬೇಕು. ಅಜ್ಜಿ ಮನೆಯಿಂದ ಹೊರಗೆ ಹೋಗುವುದು ದೇವಸ್ಥಾನಕ್ಕೆ, ಭಜನೆಗೆ. ಮೊಮ್ಮಗ ದಿನಾ ಕ್ಲಾಸಿನಲ್ಲಿ ಐವತ್ತು ಮಕ್ಕಳ ಜೊತೆ ಕೂತು ಬಂದು, ಕೈ ತೊಳೆಯದೆ, ಅಜ್ಜಿಯ ತಟ್ಟೆಯಿಂದಲೇ ಚಪಾತಿ ಹರಿದು ತಿನ್ನುತ್ತಾನೆ.

ಇದಕ್ಕೆ ಪುರಾವೆಯೂ ಇದೆ. ಕೆನಡಾದಲ್ಲಿ ಹಟರೈಟ್ ಎಂಬ ಸಮುದಾಯದವರು ಊರಿನಿಂದ ದೂರ, ತಮ್ಮದೇ ಕಾಲೊನಿಗಳಲ್ಲಿ ಒಟ್ಟಾಗಿ ಬದುಕುತ್ತಾರೆ. 2008–09ರ ಚಳಿಗಾಲದಲ್ಲಿ ಕೆಲವು ಕಾಲೊನಿಗಳ ಮಕ್ಕಳಿಗೆ ಫ್ಲೂ ಲಸಿಕೆ ಕೊಟ್ಟರು, ಉಳಿದ ಕಾಲೊನಿಗಳ ಮಕ್ಕಳಿಗೆ ಬೇರೆ ಲಸಿಕೆ, ಹೆಪಟೈಟಿಸ್-ಎ ಕಾಯಿಲೆಯದ್ದು. ಆಮೇಲೆ ಲಸಿಕೆ ಹಾಕಿಸಿಕೊಳ್ಳದವರಲ್ಲಿ ಎಷ್ಟು ಜನಕ್ಕೆ ಫ್ಲೂ ಬಂತು ಎಂದು ನೋಡಿದರು. ಮಕ್ಕಳಿಗೆ ಫ್ಲೂ ಲಸಿಕೆ ಆಗಿದ್ದ ಕಾಲೊನಿಗಳಲ್ಲಿ ಅದು 61 ಶೇಕಡಾ ಕಡಿಮೆ. ಚುಚ್ಚಿಸಿಕೊಂಡವರು ಮಕ್ಕಳು, ಲಾಭ ಆದದ್ದು ಚುಚ್ಚಿಸಿಕೊಳ್ಳದವರಿಗೆ.

ನನ್ನ ಕೇಳಿದರೆ, ಎರಡೇ ಡೋಸಿಗೆ ದುಡ್ಡಿದೆ ಅಂದರೆ ಒಂದು ಅಜ್ಜಿಗೆ, ಇನ್ನೊಂದು ಶಾಲೆಗೆ ಹೋಗುವ ಚಿಕ್ಕವನಿಗೆ. ಮೂರನೆಯದು ಕಲ್ಯಾಣ್ ಲೋಕಲ್‌ನಲ್ಲಿ ನಿತ್ಯ ನೇತಾಡುವವರಿಗೆ. ಒಂದು ವಿಷಯ ಮರೆಯಬೇಡಿ, ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು.

ಫ್ಲೂ ಲಸಿಕೆ ಮೂರು ತಳಿಯದ್ದಾ, ನಾಲ್ಕು ತಳಿಯದ್ದಾ?

ಸಿಕ್ಕಿದ್ದನ್ನು ಹಾಕಿಸಿ. ನಾಲ್ಕನೆಯದಾಗಿದ್ದ ಬಿ ಯಮಗಾಟಾ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಖಚಿತವಾಗಿ ಎಲ್ಲೂ ಕಂಡಿಲ್ಲ. ಹಾಗಾಗಿಯೇ ಈಗ ಮೂರು ತಳಿಯ ಲಸಿಕೆ ಸಾಕು ಅನ್ನುತ್ತಿದ್ದಾರೆ.

ಮಗುವಿಗೆ ಇನ್ನೂ ನಾಲ್ಕು ತಿಂಗಳು. ಅದನ್ನು ಹೇಗೆ ಕಾಯೋದು?

ಆರು ತಿಂಗಳ ಒಳಗೆ ಫ್ಲೂ ಲಸಿಕೆ ಕೊಡುವುದಿಲ್ಲ. ಅಲ್ಲಿಯವರೆಗೆ ಮಗುವಿಗೆ ಇರುವುದು ಅಮ್ಮ ಕೊಟ್ಟ ರಕ್ಷಣೆ. ಗರ್ಭಿಣಿಯಾಗಿದ್ದಾಗ ಫ್ಲೂ ಲಸಿಕೆ ಹಾಕಿಸಿಕೊಂಡರೆ ಆಂಟಿಬಾಡಿ ಹೊಟ್ಟೆಯಲ್ಲಿರುವ ಮಗುವಿಗೆ ದಾಟಿ ಮೊದಲ ಕೆಲವು ತಿಂಗಳು ಕಾಯುತ್ತದೆ. ಆ ಸಮಯ ಮೀರಿದ್ದರೆ ಈಗ ಮಗುವಿನ ಸುತ್ತ ಇರುವವರು, ಅಂದರೆ ಅಪ್ಪ, ಅಮ್ಮ, ಅಕ್ಕ, ಮನೆಕೆಲಸಕ್ಕೆ ಬರುವವರು, ಹಾಕಿಸಿಕೊಳ್ಳುವುದೇ ದಾರಿ.

ಆರ್‌ಎಸ್‌ವಿ ಎಂಬ ವೈರಸ್ ಇನ್ನೂ ಕಾಟದ್ದು, ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗಿರುತ್ತದೆ. ದೊಡ್ಡವರಿಗೆ ಬರೀ ನೆಗಡಿ, ಎಳೆಗೂಸಿಗೆ ಉಬ್ಬಸ, ಆಸ್ಪತ್ರೆ. ಕೀನ್ಯಾದ ಕಿಲಿಫಿಯಲ್ಲಿ ಮನೆ ಮನೆಯ ಮೂಗಿನ ದ್ರವ ಪರೀಕ್ಷಿಸಿ ನೋಡಿದಾಗ ಕೂಸಿಗೆ ಮನೆಯೊಳಗಿಂದ ತಂದು ಕೊಡುವವರು ಹೆಚ್ಚಾಗಿ ಅಣ್ಣ ಅಕ್ಕಂದಿರೇ ಎಂದು ಗೊತ್ತಾಯಿತು. 2023ರಿಂದ ಕೆಲವು ದೇಶಗಳಲ್ಲಿ ಗರ್ಭಿಣಿಯರಿಗೆ ಇದರ ಲಸಿಕೆ ಕೊಡುತ್ತಿದ್ದಾರೆ. ನಿಮಗೆ ಬೇಕಾ ಎಂದು ಹೆರಿಗೆ ಡಾಕ್ಟರನ್ನೇ ಕೇಳಿ.

ಫ್ಲೂ ಲಸಿಕೆ ಯಾವ ತಿಂಗಳಲ್ಲಿ ಹಾಕಿಸೋದು?

ಏಪ್ರಿಲ್, ಮೇ. ಅಮೆರಿಕದಲ್ಲಿರುವ ನಿಮ್ಮ ತಮ್ಮ ಅಕ್ಟೋಬರ್‌ನಲ್ಲಿ ಹಾಕಿಸಿ ಅಂದರೆ ಅದು ಅಲ್ಲಿಗೆ ಸರಿ. ಮುಂಬಯಿ, ಪುಣೆ, ಗೋವಾ ಕಡೆ ಫ್ಲೂ ದೊಡ್ಡದಾಗಿ ಏರುವುದು ಮಳೆಗಾಲದಲ್ಲಿ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಂದು ಸಣ್ಣ ಏರಿಕೆ. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ಬೇಸಿಗೆ ರಜೆಗೆ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೋಗುವ ಮೊದಲೇ ಮುಗಿಸಿಬಿಟ್ಟರೆ ಒಳ್ಳೆಯದು, ಅಲ್ಲಿರುವ ಅಜ್ಜ ಅಜ್ಜಿಗೂ ಅನುಕೂಲ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ನೆನಪಾದರೂ ಹಾಕಿಸಿ, ತಡವಾಯಿತು ಅಂತ ಬಿಡಬೇಡಿ.

ಪುಣೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದೇಶದಲ್ಲಿ ಎಚ್1ಎನ್1 ಹಂದಿಜ್ವರದ ಮೊದಲ ಸಾವು ಆದದ್ದು ಅಲ್ಲೇ, 2009ರ ಆಗಸ್ಟ್ ಮೊದಲ ವಾರ, ನಡು ಮಳೆಗಾಲದಲ್ಲಿ.

ಮನೆಯಲ್ಲಿ ಒಬ್ಬರಿಗೆ ಬಂದಾಗಿದೆ. ಈಗ ಉಳಿದವರಿಗೆ ಲಸಿಕೆ ಹಾಕಿಸಿದರೆ ತಡೆಯಬಹುದಾ?

ಫ್ಲೂ ಆದರೆ ತಡೆಯಲಾಗದು. ಜ್ವರ ಕಾಣುವ ಹಿಂದಿನ ದಿನವೇ ಅವರು ಹರಡಲು ಶುರು ಮಾಡಿರುತ್ತಾರೆ, ನಿಮಗೆ ಬರುವುದಿದ್ದರೆ ಒಂದರಿಂದ ನಾಲ್ಕು ದಿನದಲ್ಲಿ ಬಂದು ಬಿಡುತ್ತದೆ, ಲಸಿಕೆಗೆ ಎರಡು ವಾರ. ಓಟದಲ್ಲಿ ಗೆಲ್ಲುವುದಿಲ್ಲ. ಮನೆಯಲ್ಲಿ ತುಂಬಾ ನಾಜೂಕಿನವರಿದ್ದರೆ ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಬೇಕಾ ಎಂದು ಡಾಕ್ಟರನ್ನು ಕೂಡಲೇ ಕೇಳಿ, ಮೂರನೇ ದಿನ ಕೇಳಿದರೆ ಅಷ್ಟು ಉಪಯೋಗವಿಲ್ಲ.

ದಡಾರಕ್ಕೆ ಮಾತ್ರ ಅವಕಾಶ ಇದೆ. ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಬರದಂತೆ ತಡೆಯಬಹುದು, ಬಂದರೂ ಸೌಮ್ಯವಾಗಿ ಹೋಗಬಹುದು. 2022ರ ಕೊನೆಯಲ್ಲಿ ಗೋವಂಡಿ ಕಡೆ ದಡಾರ, ಇಲ್ಲಿಯವರು ಹೇಳುವ ಗೋವರ್, ಎದ್ದು ಮಕ್ಕಳು ತೀರಿಕೊಂಡಾಗ ಪಾಲಿಕೆ ಐದು ವರ್ಷದೊಳಗಿನವರಿಗೆ ಹೆಚ್ಚುವರಿ ಡೋಸ್ ಕೊಟ್ಟಿತು, ಕೆಲವು ಕಡೆ ಆರು ತಿಂಗಳ ಕೂಸಿಗೂ. ದಡಾರ, ರುಬೆಲ್ಲಾ ಎರಡಕ್ಕೂ ಕೊಡುವ ಎಂಆರ್ ಲಸಿಕೆಯ ಎರಡು ಡೋಸ್ ಸರ್ಕಾರಿ ಕೇಂದ್ರದಲ್ಲಿ ಉಚಿತ, ಮೊದಲನೆಯದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಬಾಣಂತನಕ್ಕೆ ಊರಿಗೆ ಹೋಗಿ ಬರುವ ಗಡಿಬಿಡಿಯಲ್ಲಿ ನಮ್ಮವರಲ್ಲಿ ತಪ್ಪಿ ಹೋಗುವುದು ಈ ಎರಡನೆಯದೇ. ಕಾರ್ಡ್ ತೆಗೆದು ನೋಡಿ.

ನಮ್ಮದು ಒಂದೇ ರೂಮು, ಒಂದು ಅಡುಗೆಮನೆ. ಬೇರೆ ಮಲಗಿಸಿ ಅಂದರೆ ಎಲ್ಲಿ ಮಲಗಿಸೋದು?

ಈ ಸಲಹೆ ಬರೆಯುವವರು ಮುಂಬಯಿ ನೋಡಿಲ್ಲ ಅಂತ ನನಗೂ ಅನಿಸುತ್ತದೆ. ಜಾಗ ಎಷ್ಟು ಮುಖ್ಯ ಅನ್ನುವುದಕ್ಕೆ 2020ರ ಜುಲೈನ ರಕ್ತ ಪರೀಕ್ಷೆಯ ಸಮೀಕ್ಷೆ ಸಾಕು. ಮಾಟುಂಗಾ, ಚೆಂಬೂರು, ದಹಿಸರ್ ಮೂರು ವಾರ್ಡ್‌ಗಳಲ್ಲಿ ನಡೆಯಿತು. ಜೋಪಡಿಪಟ್ಟಿಗಳಲ್ಲಿ 57 ಶೇಕಡಾ ಜನರಲ್ಲಿ ಕೊರೊನಾ ಆಂಟಿಬಾಡಿ ಸಿಕ್ಕಿತು, ಅದೇ ವಾರ್ಡಿನ ಬಿಲ್ಡಿಂಗ್‌ಗಳಲ್ಲಿ 16 ಶೇಕಡಾ. ಲಸಿಕೆ ಇನ್ನೂ ಬಂದಿರಲಿಲ್ಲ. ಒಂದೇ ವೈರಸ್, ಒಂದೇ ಪೇಟೆ. ಬೇರೆ ಇದ್ದದ್ದು ಗೋಡೆ, ಗಾಳಿ, ಸಂಡಾಸು.

ಬೇರೆ ಕೋಣೆ ಇಲ್ಲದವರಿಗೆ ಲಸಿಕೆಯ ಬೆಲೆ ಜಾಸ್ತಿ ಅನ್ನುವುದು ಅದಕ್ಕೇ. ಉಳಿದದ್ದು ಇಷ್ಟು: ಸೀಲಿಂಗ್ ಫ್ಯಾನ್ ಗಾಳಿಯನ್ನು ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ, ಎಸಿಯೂ ಅಷ್ಟೇ. ಮಳೆ ಇರಲಿ, ಎದುರು ಬದಿಯ ಕಿಟಕಿ ಒಂದು ಗೇಣು ತೆರೆದಿಟ್ಟು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ ಬಿಡಿ. ಜ್ವರದವರನ್ನು ಎಕ್ಸಾಸ್ಟ್ ಕಡೆ ಮಲಗಿಸಿ, ಅಜ್ಜಿಯನ್ನು ಕಿಟಕಿ ಕಡೆ. ತಲೆಗೆ ಕಾಲು ಬರುವ ಹಾಗೆ ಹಾಸಿಗೆ ತಿರುಗಿಸಿ. ಮಾಸ್ಕ್, ಕೈ ತೊಳೆಯುವುದು ಎರಡನ್ನೂ ಜ್ವರ ಕಂಡ ದಿನವೇ ಶುರು ಮಾಡಿ: ನಮ್ಮಷ್ಟೇ ಇಕ್ಕಟ್ಟಿನ ಹಾಂಗ್‌ಕಾಂಗ್‌ನಲ್ಲಿ ಮನೆಗಳಲ್ಲಿ ಪರೀಕ್ಷಿಸಿದಾಗ 36 ಗಂಟೆಯೊಳಗೆ ಶುರು ಮಾಡಿದವರಿಗೆ ಮಾತ್ರ ಸ್ಪಷ್ಟ ಲಾಭ ಕಂಡಿತು.

ಹೋಟೆಲ್ ಹುಡುಗರ ರೂಮಿಗೂ ಇದೆಲ್ಲ ಅನ್ವಯವಾ?

ಇನ್ನೂ ಜಾಸ್ತಿ. ಕುಂದಾಪುರ, ಕಾರ್ಕಳದ ಕಡೆಯಿಂದ ಬಂದ ಹುಡುಗರು ಹೋಟೆಲಿನ ಮಾಳಿಗೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಮಲಗುತ್ತಾರೆ. ಇಡ್ಲಿ ಹಿಟ್ಟಿನವನು ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಚಾಪೆಯಲ್ಲಿ ರಾತ್ರಿ ಪಾಳಿ ಮುಗಿಸಿದವನು ಬಂದು ಬೀಳುತ್ತಾನೆ, ಚಾಪೆ ಇನ್ನೂ ಬೆಚ್ಚಗಿರುತ್ತದೆ. ರೇಷನ್ ಕಾರ್ಡಿನಲ್ಲಿ ಅದು ಮನೆಯಲ್ಲ, ವೈರಸ್ಸಿಗೆ ಮನೆಯೇ. ಮಾಲೀಕರು ಮೇ ತಿಂಗಳಲ್ಲಿ ಎಲ್ಲರಿಗೂ ಒಟ್ಟಿಗೆ ಫ್ಲೂ ಲಸಿಕೆ ಹಾಕಿಸಿದರೆ ಜುಲೈನಲ್ಲಿ ಅರ್ಧ ಅಡುಗೆಮನೆ ಮಲಗುವ ನಷ್ಟಕ್ಕಿಂತ ಅಗ್ಗ. ಜ್ವರ ಬಂದವನ ಸಂಬಳ ಕಡಿಯಬೇಡಿ, ಕಡಿದರೆ ಅವನು ಮುಚ್ಚಿಟ್ಟು ಸಾಂಬಾರು ಬಡಿಸುತ್ತಾನೆ.

ಲಸಿಕೆ ಹಾಕಿಸಿಕೊಂಡವರಿಂದಲೇ ಮನೆಯವರಿಗೆ ಹರಡುತ್ತೆ ಅಂತಾರಲ್ಲ?

ಇಲ್ಲ. ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಕೋವಿಶೀಲ್ಡ್‌ನಲ್ಲಿ ಲಸಿಕೆಯನ್ನು ಹೊತ್ತು ತರುವ ವಾಹಕ ವೈರಸ್ ಮೈಯಲ್ಲಿ ಬೆಳೆಯದಂತೆ ಮಾಡಿದ್ದು. ಎಂಆರ್ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇದೆ ನಿಜ, ಆದರೆ ಅದರ ದಡಾರದ ಭಾಗ ಒಬ್ಬರಿಂದ ಒಬ್ಬರಿಗೆ ಹರಡುವುದು ಕಂಡಿಲ್ಲ. ಚುಚ್ಚಿಸಿಕೊಂಡ ರಾತ್ರಿ ಮೈ ಬಿಸಿಯಾದರೆ ಅದು ಮೈ ತಯಾರಾಗುತ್ತಿರುವ ಲಕ್ಷಣ.

ಮೂಗಿಗೆ ಹಾಕುವ ಲಸಿಕೆ ಬಂದಿತ್ತಲ್ಲ, ಏನಾಯಿತು?

ಯೋಚನೆ ಸರಿಯಾದದ್ದೇ, ವೈರಸ್ ಬರುವ ಬಾಗಿಲಲ್ಲೇ ಕಾವಲು. ಪುಣೆಯ ಸೀರಮ್ 2010ರಲ್ಲೇ ಎಚ್1ಎನ್1ಗೆ ನಾಸೋವ್ಯಾಕ್ ತಂದಿತ್ತು. ಕೊರೊನಾಕ್ಕೆ ಭಾರತ್ ಬಯೋಟೆಕ್‌ನ ಇನ್‌ಕೋವ್ಯಾಕ್ 2023ರ ಜನವರಿ 26ರಂದು ಬಿಡುಗಡೆಯಾಯಿತು, ಅಷ್ಟರಲ್ಲಿ ಜನರ ಉತ್ಸಾಹ ಇಳಿದಿತ್ತು. ಮನೆಯೊಳಗೆ ಹರಡುವುದನ್ನು ಕಡಿಮೆ ಮಾಡುವ ಲಸಿಕೆ ಮುಂದೆ ಬಂದರೆ ಈ ದಾರಿಯಲ್ಲೇ ಬರಬಹುದು ಅನ್ನುವುದು ನನ್ನ ಅನಿಸಿಕೆ.

ಫ್ಲೂ ಲಸಿಕೆ ಹಾಕಿಸಿದರೆ ನೆಗಡಿ ಬರಲ್ವಾ?

ಬರುತ್ತದೆ. ನೆಗಡಿ ತರುವ ವೈರಸ್‌ಗಳು ಬೇರೆ, ನೂರಾರು ಬಗೆ.

ಗಣಪತಿಗೆ ಅತ್ತಿಗೆ ಮನೆಯವರು ಬರ್ತಿದ್ದಾರೆ, ಅವರ ಮಗನಿಗೆ ನಿನ್ನೆಯಿಂದ ಜ್ವರ. ಬೇಡ ಅನ್ನೋದು ಹೇಗೆ?

ಫ್ಲೂ ಜಾಸ್ತಿ ಹರಡುವುದು ಮೊದಲ ಮೂರು ನಾಲ್ಕು ದಿನ, ಮಕ್ಕಳಲ್ಲಿ ಇನ್ನೂ ಉದ್ದ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಲಸಿಕೆ ಆಗಿದ್ದರೂ ನಿನ್ನೆ ಜ್ವರ ಬಂದ ಹುಡುಗನನ್ನು ಅಜ್ಜಿಯ ಮಡಿಲಲ್ಲಿ ಕೂರಿಸಿ ಪರೀಕ್ಷೆ ಮಾಡಬೇಕಿಲ್ಲ. ಪ್ಯಾರಾಸಿಟಮಾಲ್ ಇಲ್ಲದೆ 24 ಗಂಟೆ ಜ್ವರ ಬಿಟ್ಟಿರಲಿ, ಆಮೇಲೆ ಮಾಸ್ಕ್ ಹಾಕಿ ಬರಲಿ ಎಂದು ನೇರವಾಗಿ ಹೇಳಿ. ಗಣಪ ಐದು ದಿನ ಕೂರುವವನಾದರೆ ಕೊನೆಯ ದಿನದ ಆರತಿಗೆ ಸಿಗುತ್ತಾನೆ, ಒಂದೂವರೆ ದಿನದವನಾದರೆ ಕಡುಬನ್ನು ಡಬ್ಬಿಗೆ ಹಾಕಿ ಕಳಿಸಿ.